ಕೊರಳು ಬಾರದ ಕಂಬಿ

ಬೆಳಗ್ಗೆ ಒಂಬತ್ತಕ್ಕೆ ಕೈಗವಸು ಹಾಕಿಕೊಂಡರೆ ಸಂಜೆ ಐದರವರೆಗೆ ಮುರಿಯುವುದೇ ಅವಳ ಕೆಲಸ. ಬೇರೆಯವರು ಕಷ್ಟಪಟ್ಟು ಎರೆದದ್ದನ್ನು, ಸುಟ್ಟದ್ದನ್ನು, ಕಾಯಿಸಿ ಎಳೆದದ್ದನ್ನು ಇವಳು ಮುರಿಯಬೇಕು. ಎಷ್ಟು ಭಾರಕ್ಕೆ ಮುರಿಯಿತು ಎಂದು ಬರೆಯಬೇಕು. ಚೂರು ಗುಡಿಸಿ ಮುಂದಿನದನ್ನು ತಂದಿಡಬೇಕು. ಹದಿಮೂರು ವರ್ಷದಿಂದ ಇದೇ. ಕಟ್ಟಡದ ಸರಕು ಪರೀಕ್ಷಿಸುವ ಆ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಮುರಿಯಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಒಂದು ದಿನ ಶಾಲೆಯ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂದಿದ್ದ ಕಡೆ ಮಗಳು ತಾನೇ 'ಮುರಿಯುವುದು' ಎಂದು ದುಂಡಗೆ ಬರೆದುಕೊಟ್ಟು ಬಂದಳು. ಅವತ್ತು ನಕ್ಕು ನಕ್ಕು ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಅಲ್ಲಿ ಎರಡು ಯಂತ್ರಗಳಿದ್ದವು. ಒಂದು ಅದುಮುವುದು, ಇನ್ನೊಂದು ಎಳೆಯುವುದು. ಕಾಂಕ್ರೀಟಿನ ಗಟ್ಟಿಯನ್ನು ಎರಡು ಉಕ್ಕಿನ ಹಲಗೆಗಳ ನಡುವೆ ಇಟ್ಟು ಅದುಮಿದರೆ ಅದು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೈಯೆಲ್ಲ ಕೂದಲೆಳೆಯಂಥ ಬಿರುಕು ಬಿಟ್ಟು, ಕೊನೆಗೆ ಸಿಡಿಯುತ್ತದೆ. ಕಂಬಿಯನ್ನು ಎರಡು ತುದಿ ಕಚ್ಚಿ ಎಳೆದರೆ ಅದರ ಕಥೆಯೇ ಬೇರೆ. ಒಳ್ಳೆಯ ಕಂಬಿ ಒಮ್ಮೆಲೇ ಸಾಯುವುದಿಲ್ಲ. ಮೊದಲು ಉದ್ದವಾಗುತ್ತದೆ, ಬಿಸಿಯಾಗುತ್ತದೆ, ನಡುವೆ ಒಂದು ಕಡೆ ಸಣ್ಣಗಾಗುತ್ತಾ ಬರುತ್ತದೆ. ಅದನ್ನು ಅವರು ಕೊರಳು ಬರುವುದು ಎನ್ನುತ್ತಿದ್ದರು. ಕೊರಳು ಬಂದ ಮೇಲೆಯೇ ಮುರಿತ. ಅಂಥ ಕಂಬಿ ಹಾಕಿದ ಚಾವಣಿ ಬೀಳುವುದಾದರೂ ಬಾಗಿ, ನರಳಿ, ಸುಣ್ಣ ಉದುರಿಸಿ ಬೀಳುತ್ತದೆ. ಕೆಳಗಿದ್ದವರಿಗೆ ಮಕ್ಕಳನ್ನು ಎತ್ತಿಕೊಂಡು ಓಡಲು ಹೊತ್ತು ಸಿಗುತ್ತದೆ. ಕೊರಳು ಬಾರದ ಕಂಬಿ ಹಾಗಲ್ಲ. ನಿಂತಂತೆಯೇ ನಿಂತಿದ್ದು ಬಂದೂಕು ಹೊಡೆದ ಹಾಗೆ ಪಟ್ಟೆಂದು ತುಂಡಾಗುತ್ತದೆ.

ಇದನ್ನೆಲ್ಲ ಅವಳಿಗೆ ಕಲಿಸಿದವನು ಯಂತ್ರ ನಡೆಸುವ ಕಿವುಡಣ್ಣ. ಹುಟ್ಟು ಕಿವುಡನಲ್ಲ, ಮೂವತ್ತು ವರ್ಷ ಆ ಸದ್ದು ಕೇಳಿ ಕೇಳಿ ಕಿವಿ ಹೋಗಿತ್ತು. ಅವಳು ಮೊದಲು ಸೇರಿದ್ದು ಕಸ ಗುಡಿಸಲು. ಎರಡನೆಯ ದಿನವೇ ಗಟ್ಟಿಯೊಂದು ಸಿಡಿದು ಚೂರು ಹಾರಿ ಹುಬ್ಬು ಸೀಳಿತು. ಕಿವುಡಣ್ಣ ಹತ್ತಿ ಒತ್ತಿಹಿಡಿದು, "ಕಣ್ಣು ಉಳೀತಲ್ಲ, ಸಾಕು ಬಿಡು. ಇನ್ನು ಮೇಲೆ ಒಡೆಯೋದು ನೋಡ್ಬೇಡ, ಕೇಳಿಸ್ಕೋ. ಒಡೆಯೋ ಮುಂಚೆ ಅದು ಹೇಳುತ್ತೆ," ಎಂದಿದ್ದ. ಅವಳಿಗೆ ಆ ಮಾತು ಮನೆಯ ವಿಷಯದಲ್ಲಿ ಮಾತ್ರ ಸುಳ್ಳೆನ್ನಿಸಿತ್ತು. ಮಗಳ ಅಪ್ಪ ಏನೂ ಹೇಳದೆ ಹೊಡೆಯುವವನು. ನಗುನಗುತ್ತಾ ಊಟ ಮಾಡುತ್ತಿದ್ದವನು ತಟ್ಟೆ ಎತ್ತಿ ಮುಖಕ್ಕೆ ಬೀಸುತ್ತಿದ್ದ. ಮಗಳು ಒಂದೂವರೆ ವರ್ಷದವಳಿದ್ದಾಗ ಒಂದು ಬೆಳಗ್ಗೆ ಅವಳ ತಮ್ಮ ತಳ್ಳುಗಾಡಿ ತಂದು ಅವಳ ಮಂಚ, ಹಾಸಿಗೆ, ಒಲೆ, ಮಗು ಎಲ್ಲವನ್ನೂ ಹೇರಿಕೊಂಡು ಹೊರಟ. ಬಾಗಿಲಲ್ಲಿ ಅಡ್ಡ ನಿಂತ ಭಾವನನ್ನು ಮಂಚದ ಕಾಲಿನಿಂದಲೇ ಬದಿಗೆ ತಳ್ಳಿ, "ಸ್ವಲ್ಪ ಜರುಗಿ ಭಾವ, ಸಾಮಾನಿಗೆ ಗೀರು ಬಿದ್ದೀತು," ಎಂದಿದ್ದ.

ತಮ್ಮ ಅವಳಿಗಿಂತ ಐದು ವರ್ಷ ಚಿಕ್ಕವನು. ಕಂಬಿ ಬಗ್ಗಿಸಿ ಕಟ್ಟುವ ಕೆಲಸದವನು. ಎಂಟು ತಿಂಗಳ ಹಿಂದೆ ಸಮುದ್ರದಾಚೆಯ ದೇಶಕ್ಕೆ ಹೋಗಿದ್ದ. ಅಲ್ಲಿ ಏಳು ಮಹಡಿಯ ಹೆರಿಗೆ ಆಸ್ಪತ್ರೆ ಏಳುತ್ತಿತ್ತು. ಕೆಲಸದವರು ಮಲಗುವುದು ಅದೇ ಕಟ್ಟಡದ ಕೆಳಮಹಡಿಯಲ್ಲಿ, ಮೊದಲು ಎರೆದ ಚಾವಣಿಯ ಕೆಳಗೆ, ಒಂದರ ಮೇಲೊಂದು ಕಬ್ಬಿಣದ ಮಂಚಗಳಲ್ಲಿ. ರಜೆಯ ದಿನ ಫೋನು ಮಾಡಿ, "ನನ್ನ ಮೇಲಿನ ಮಂಚದವನು ಮಗ್ಗುಲು ಬದಲಾಯಿಸಿದ್ರೆ ನನಗೆ ಭೂಕಂಪ ಕಣೇ," ಎನ್ನುತ್ತಿದ್ದ. ಹಿಂದಿನಿಂದ ಆ ಮೇಲಿನ ಮಂಚದವನು, "ಅಕ್ಕಾ, ಇವನ ಗೊರಕೆ ಒಮ್ಮೆ ಪರೀಕ್ಷೆ ಮಾಡಿ, ಎಷ್ಟು ಟನ್ ಬರುತ್ತೋ!" ಎಂದು ಕೂಗುತ್ತಿದ್ದ.

ಆ ಆಸ್ಪತ್ರೆಗೆ ಕಂಬಿ ಹೋಗುತ್ತಿದ್ದದ್ದು ಇಲ್ಲಿಂದ. ಕಂಬಿ ಕಳಿಸುವವನೂ ಆಳು ಕಳಿಸುವವನೂ ಒಬ್ಬನೇ, ಉಕ್ಕಿನ ಗೋದಾಮಿನ ಸಾಹುಕಾರ. ಅಲ್ಲಿನ ಕೆಲಸದವರ ಪಾಸ್‌ಪೋರ್ಟುಗಳೆಲ್ಲ ಅವನ ಮೇಸ್ತ್ರಿಯ ಕಪಾಟಿನಲ್ಲಿ. ಹಡಗಿಗೆ ಹೇರುವ ಮುಂಚೆ ಪ್ರತಿ ರಾಶಿಯಿಂದ ಆರು ಕಂಬಿ ಆರಿಸಿ ಮುರಿದು ನೋಡಬೇಕು, ವರದಿಗೆ ಮುರಿಯಕ್ಕನ ಸಹಿ ಬೀಳಬೇಕು. ಇದು ಕರಾರು.

ಆ ಸಲ ಅವಳು ಗೋದಾಮಿಗೆ ಹೋದಾಗ ಕಂಬಿಗಳನ್ನು ಒರೆಸಿ ಮೇಲೆ ಜೋಡಿಸಿಟ್ಟಿದ್ದರು. ಅವಳು ಮೇಲಿನದನ್ನು ಯಾವತ್ತೂ ಮುಟ್ಟುತ್ತಿರಲಿಲ್ಲ. ರಾಶಿಯ ಪಕ್ಕ ಮಂಡಿಯೂರಿ, ಹೊಟ್ಟೆಯೊಳಗೆ ಕೈಹಾಕಿ, ಹಳದಿ ಬಣ್ಣ ಬಳಿದು, "ಇದು, ಇದು, ಇದು," ಎಂದು ತೋರಿಸಿದಳು. ಸಾಹುಕಾರನ ಬಂಟನೊಬ್ಬನಿದ್ದ, ಕುತ್ತಿಗೆ, ತಲೆ ಎಲ್ಲ ಒಂದೇ ಅಳತೆ, ಎಲ್ಲರೂ ಗೂಳಿ ಎನ್ನುತ್ತಿದ್ದರು. ಅವನು, "ಮೇಲಿರೋದ್ರಲ್ಲಿ ಏನಮ್ಮಾ ಕೊರತೆ? ಹೊಟ್ಟೆ ಒಳಗಿಂದೇ ಬೇಕಾ? ಸೂಲಗಿತ್ತಿಯೇನು ನೀನು?" ಎಂದ. ಅವಳು, "ಹೆರಿಗೆ ಆಸ್ಪತ್ರೆ ತಾನೆ," ಎಂದು ತುಂಡು ಕತ್ತರಿಸಿಕೊಂಡು ಬಂದಳು.

ಮೊದಲನೆಯ ಕಂಬಿಗೆ ಕೊರಳು ಬಂತು. ಎರಡನೆಯದಕ್ಕೆ ಕಿವುಡಣ್ಣ ತೈಲದ ಕವಾಟ ತಿರುಗಿಸುತ್ತಿದ್ದ ಹಾಗೆಯೇ ಪಟ್ಟೆಂದಿತು. ಅರ್ಧ ತುಂಡು ತಂತಿಬಲೆಗೆ ಬಡಿದು ಬಲೆಯನ್ನೇ ಸೀಳಿಕೊಂಡು ಗೋಡೆಯಲ್ಲಿ ನಾಟಿತು. ಕಿವುಡಣ್ಣನಿಗೂ ಕೇಳಿಸಿತು ಅನ್ನಿ. ಮೂರನೆಯದೂ ಹಾಗೇ, ನಾಲ್ಕನೆಯದೂ ಹಾಗೇ. ಐದನೆಯದು ಹೇಗೋ ಸಣ್ಣಗಾಗಿ ಹೋಯಿತು. ಆರನೆಯದು ಮತ್ತೆ ಬಂದೂಕು. ತುಂಡುಗಳ ಮುಖ ಒಳ್ಳೆಯ ಕಂಬಿಯ ಹಾಗೆ ಬಟ್ಟಲಾಗಿರಲಿಲ್ಲ. ಮುರಿದ ಕಲ್ಲುಸಕ್ಕರೆಯ ಹಾಗೆ ಹರಳುಹರಳಾಗಿ ಹೊಳೆಯುತ್ತಿತ್ತು. ಎಲ್ಲೆಲ್ಲಿಯದೋ ತುಕ್ಕು ಹಿಡಿದ ಕಬ್ಬಿಣ ಕರಗಿಸಿ ಎಳೆದದ್ದು.

"ಆರಲ್ಲಿ ನಾಲ್ಕು," ಎಂದಳು.

"ಸಾಹೇಬರಿಗೆ ಹೇಳು," ಎಂದ ಕಿವುಡಣ್ಣ.

ಪ್ರಯೋಗಾಲಯದ ಸಾಹೇಬರು ಸಂಗತಿ ಕೇಳಿದರು, ಕೆನ್ನೆ ಹಿಡಿದುಕೊಂಡರು, "ಯಾಕೋ ಹಲ್ಲು ನೋಯ್ತಿದೆ," ಎಂದು ಮನೆಗೆ ಹೋದರು. ಅವರ ಹಲ್ಲು ಯಾವಾಗಲೂ ಸರಿಯಾದ ಹೊತ್ತಿಗೇ ನೋಯುತ್ತಿತ್ತು.

ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಸಾಹುಕಾರ ಬಂದ. ಜೊತೆಗೆ ಗೂಳಿ, ಇನ್ನಿಬ್ಬರು. ಒಬ್ಬ ಬಾಗಿಲು ಹಾಕಿ ಅಗಳಿ ಜಡಿದ. ಸಾಹುಕಾರ ಅವಳ ಎದುರಿನ ಮುಕ್ಕಾಲಿ ಎಳೆದುಕೊಂಡು ಕುಳಿತ.

"ಊಟ ಮಾಡಮ್ಮ, ಊಟ ಮಾಡು. ನಿಮ್ಮಂಥವರ ಹೊಟ್ಟೆ ಮೇಲೆ ಹೊಡೆಯೋ ಜನ ಅಲ್ಲ ನಾವು. ನಾಡಿದ್ದು ಹಡಗು ಹೊರಡುತ್ತೆ. ವರದಿ ಬರೀಬೇಕಲ್ಲ?"

"ಬರೆದಾಗಿದೆ. ಸರಕು ಪಾಸಾಗಿಲ್ಲ."

"ಇನ್ನೊಂದು ಸಲ ಬರಿ. ಕೈಗೆ ಒಳ್ಳೆ ಅಭ್ಯಾಸ."

"ಆ ಕಂಬಿಗೆ ಕೊರಳೇ ಬರಲ್ಲ, ಸಾಹುಕಾರ್ರೇ. ಏಳು ಮಹಡಿ. ಬಸುರಿಯರು ಮಲಗೋ ಜಾಗ."

"ಅವರು ನಿನಗೆ ಚಿಕ್ಕಮ್ಮನೋ ದೊಡ್ಡಮ್ಮನೋ?"

ಅವಳು ಬುತ್ತಿಯ ಮುಚ್ಚಳ ಹಾಕಿದಳು. ಸಾಹುಕಾರ ಗೂಳಿಯ ಕಡೆ ನೋಡಿದ, ಅಷ್ಟೇ. ಗೂಳಿ ಹೋಗಿ ಕಿವುಡಣ್ಣನ ಕೂದಲು ಹಿಡಿದು, ಗಟ್ಟಿಗಳನ್ನು ನೆನೆಹಾಕುವ ತೊಟ್ಟಿಯ ಅಂಚಿಗೆ ಹಣೆ ಕುಟ್ಟಿದ. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಅಂಚಿನ ಸಿಮೆಂಟು ಕೆಂಪಾಗಿ ಒದ್ದೆಯಾಯಿತು. ಕಿವುಡಣ್ಣ ಕೂಗಲೂ ಇಲ್ಲ, ಚೀಲದ ಹಾಗೆ ಜಾರಿ ಕುಳಿತ. ತೊಟ್ಟಿಯ ನೀರಿನಲ್ಲಿ ರಕ್ತ ಎಳೆಎಳೆಯಾಗಿ ಇಳಿಯತೊಡಗಿತು. ಅವಳು ಎದ್ದು ಓಡಿದರೆ ಇನ್ನೊಬ್ಬ ಹೊಟ್ಟೆಗೆ ಒದ್ದ. ಉಸಿರು ಹೊರಗೆ ಹೋಗಿ ವಾಪಸು ಬರುವ ದಾರಿ ಮರೆತ ಹಾಗಾಯಿತು.

ಸಾಹುಕಾರ ತನ್ನ ಫೋನು ತೆಗೆದು ಯಾರಿಗೋ ಮಾಡಿ, ಧ್ವನಿ ಜೋರಾಗಿಸಿ, ಅವಳು ಬಿದ್ದಿದ್ದ ಕಡೆ ನೆಲದ ಮೇಲಿಟ್ಟ.

"ಅಕ್ಕಾ?" ತಮ್ಮನ ದನಿ. "ಏನೇ ಇದು? ಕೆಲಸದಿಂದ ಎಳ್ಕೊಂಡು ಬಂದು ಕೂರಿಸಿದಾರೆ. ಮೇಸ್ತ್ರಿ ಕೈಯಲ್ಲಿ ಪೈಪಿದೆ."

ಅವಳು ಫೋನಿನ ಕಡೆ ತೆವಳಿದಳು. "ಏನೂ ಇಲ್ಲ ಕಣೋ..."

"ಕಂಬಿ ಏನಾಯ್ತು?"

ತಮ್ಮನಿಗೆ ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ. "ಕೊರಳು ಬರ್ಲಿಲ್ಲ."

"ಎಷ್ಟರಲ್ಲಿ ಎಷ್ಟು?"

"ಆರಲ್ಲಿ ನಾಲ್ಕು."

"ಹಾಕ್ಬೇಡ ಸಹಿ!" ಅವನು ಅರಚಿದ. "ನಾವೇ ಕಣೇ ಅದರ ಕೆಳಗೆ ಮಲಗೋದು! ನೂರಾ ಹತ್ತು ಜನ..."

ಆಮೇಲೆ ಪೈಪಿನ ಸದ್ದು. ಅವಳು ಹದಿಮೂರು ವರ್ಷ ಸದ್ದು ಕೇಳಿ ಬದುಕಿದವಳು. ತೊಡೆಯ ಮೇಲೆ ಬಿದ್ದ ಏಟು ಯಾವುದು, ಬೆನ್ನಿನ ಮೇಲಿನದು ಯಾವುದು, ಎಲುಬಿಗೆ ತಾಗಿದ್ದು ಯಾವುದು ಎಂದು ಬೇಡವೆಂದರೂ ಕಿವಿ ಲೆಕ್ಕ ಹಾಕುತ್ತಿತ್ತು. ಕೆನ್ನೆಯ ಮೂಳೆ ಬಿರಿದದ್ದು ಬೇರೆಯಾಗಿಯೇ ಕೇಳಿಸಿತು. ನಡುನಡುವೆ ತಮ್ಮ, "ಹಾಕ್... ಬೇಡ..." ಎನ್ನುತ್ತಿದ್ದ. ಆಮೇಲೆ ಅದೂ ಇಲ್ಲ.

"ಜೀವ ಇದೆ," ಎಂದ ಸಾಹುಕಾರ ಫೋನು ಎತ್ತಿಕೊಳ್ಳುತ್ತಾ. "ಸಂಜೆಗೂ ಇರಬೇಕು ಅಂದ್ರೆ ನೀನೇ ಹೇಳು. ಏಯ್, ಇವಳ ಕೈ ತಗೊಂಡ್ಬಾ. ಎಡಗೈ ಕಣೋ, ಎಡಗೈ! ಬಲಗೈ ಸಹಿಗೆ ಬೇಕು."

ಅವಳನ್ನು ಅದುಮುವ ಯಂತ್ರದ ಹತ್ತಿರ ಎಳೆದು, ಎಡಗೈಯ ಕೊನೆಯ ಎರಡು ಬೆರಳನ್ನು ಉಕ್ಕಿನ ಹಲಗೆಯ ಮೇಲಿಟ್ಟು ಅದುಮಿ ಹಿಡಿದರು. ಗೂಳಿ ಕವಾಟ ತಿರುಗಿಸಿದ. ಮೇಲಿನ ಹಲಗೆ ಇಳಿಯಿತು. ಆ ಯಂತ್ರಕ್ಕೆ ಆತುರವೆಂಬುದೇ ಇಲ್ಲ. ಮೊದಲು ತಣ್ಣಗೆ ತಾಗಿತು, ಆಮೇಲೆ ಉಗುರು ಹೋಯಿತು, ಆಮೇಲೆ ಅವಳಿಗೆ ತನ್ನ ಕೂಗೇ ಕೇಳಿಸಿತು. "ಹಾಕ್ತೀನಿ! ಹಾಕ್ತೀನಿ ತೆಗೀರಿ!"

ಸಾಹುಕಾರ, "ತೆಗೆಯೋ," ಎಂದ. ಗೂಳಿ ಕವಾಟವನ್ನು ಇನ್ನೊಂದು ಸುತ್ತು ತಿರುಗಿಸಿದ. ಬಿಡಿಸುವುದು ಯಾವ ಕಡೆಗೆಂದು ಅವನಿಗೆ ಗೊತ್ತಿರಲಿಲ್ಲ. ಹಲಗೆ ಇನ್ನೂ ಇಳಿಯಿತು. ತೊಟ್ಟಿಯ ಬುಡದಲ್ಲಿ ಬಿದ್ದಿದ್ದ ಕಿವುಡಣ್ಣ, ಕಣ್ಣಿಗೆ ರಕ್ತ ಇಳಿಯುತ್ತಿದ್ದರೂ ತಲೆ ಎತ್ತಿ, "ಎಡಕ್ಕೆ ಕಣೋ ಮುಠ್ಠಾಳ! ಎಡಕ್ಕೆ! ಎಡಕ್ಕೆ!" ಎಂದು ಬೊಬ್ಬೆಯಿಟ್ಟ. ಗೂಳಿ ಗಾಬರಿಯಲ್ಲಿ ತನ್ನ ಎಡ ಯಾವುದೆಂದು ಕೈ ನೋಡಿಕೊಂಡ. ಅಷ್ಟು ಹೊತ್ತಿಗೆ ಎಲುಬು ಹುಡಿಯಾಗಿತ್ತು. ಅವಳ ಕಣ್ಣ ಮುಂದೆಯೇ ಯಂತ್ರದ ಗಡಿಯಾರದಂಥ ಮುಖವಿತ್ತು, ಎರಡು ನೂರು ಟನ್ನಿನವರೆಗೆ ಗೆರೆ ಎಳೆದದ್ದು. ಮುಳ್ಳು ಸೊನ್ನೆ ಬಿಟ್ಟು ಅಲುಗಿರಲಿಲ್ಲ. ಅವಳ ಎರಡು ಬೆರಳು ಆ ಯಂತ್ರದ ಲೆಕ್ಕಕ್ಕೇ ಬಂದಿರಲಿಲ್ಲ.

ಸಹಿ ಹಾಕಿದಳು. ಎಡಗೈಗೆ ಸೆರಗು ಸುತ್ತಿಕೊಂಡು, ನೆಟ್ಟಗೆ ಕುಳಿತು, ಆರಕ್ಕೆ ಆರೂ ಪಾಸು ಎಂದು ಬರೆದು, ದಿನಾಂಕ ಸಮೇತ ಸಹಿ ಹಾಕಿದಳು. ಆಮೇಲೆ ಗೋಡೆಗೆ ಒರಗಿ, "ಚೀಲ," ಎಂದಳು.

"ಏನು ಚೀಲ?"

"ಮುರಿದ ತುಂಡುಗಳದ್ದು. ವರದಿ ಜೊತೆ ಹೋಗ್ಬೇಕು. ಚೀಲ ಹೊಲಿದು ಸೀಸದ ಮುದ್ರೆ ಹಾಕದಿದ್ರೆ ಅಲ್ಲಿ ಕಾಗದ ತಗೊಳ್ಳಲ್ಲ."

ಅದು ನಿಜವೇ. ಕಾಗದಕ್ಕೆ ಏನು ಬೇಕಾದರೂ ಬರೆಯಬಹುದು, ತುಂಡಿನ ಮುಖ ಬರೆಯಲಾಗುವುದಿಲ್ಲ ಎಂದು ಹಳಬರು ಯಾರೋ ಮಾಡಿಟ್ಟ ಪದ್ಧತಿ. ಮುರಿದ ಎರಡೂ ತುದಿಗಳು ವರದಿಯ ಜೊತೆಗೇ ವಿಮಾನ ಹತ್ತುತ್ತಿದ್ದವು. ಸಾಹುಕಾರ ತುಂಡುಗಳ ಕಡೆ ನೋಡಿದ. ಅವನ ಕಣ್ಣಿಗೆ ಎಲ್ಲವೂ ಮುರಿದ ಕಬ್ಬಿಣ. ಪಾಸಾದರೂ ಮುರಿಯುತ್ತದೆ, ಫೇಲಾದರೂ ಮುರಿಯುತ್ತದೆ. ಇಪ್ಪತ್ತು ವರ್ಷ ಕಬ್ಬಿಣ ಮಾರಿದವನು ಅದರ ಒಳಮೈಯನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. "ಹೊಲಿ, ಬೇಗ," ಎಂದ.

ಅವಳಿಗೆ ಹೊಲಿಯಲು ಕೈಯಿರಲಿಲ್ಲ. ಕಿವುಡಣ್ಣ ತೆವಳಿಕೊಂಡು ಬಂದು, ಆರು ಜೋಡಿ ತುಂಡು ನೀಲಿ ಚೀಲಕ್ಕೆ ಹಾಕಿ, ದಬ್ಬಣದಿಂದ ಹೊಲಿದು, ಮುದ್ರೆ ಒತ್ತಿದ. ಅವಳ ಮುಖ ನೋಡಲಿಲ್ಲ. ಗೂಳಿಯೇ ಅದನ್ನು ಹೆಗಲಿಗೇರಿಸಿಕೊಂಡು ಹೋದ.

ಆಸ್ಪತ್ರೆಯಲ್ಲಿ ಎರಡು ಬೆರಳನ್ನೂ ಬುಡದಿಂದ ತೆಗೆದರು. ಕಿವುಡಣ್ಣನ ಹಣೆಗೆ ಹನ್ನೊಂದು ಹೊಲಿಗೆ. ಸಾಹೇಬರು ಎರಡು ಕಿತ್ತಳೆ ಹಿಡಿದುಕೊಂಡು ಬಂದು, "ಯಂತ್ರದ ಅಪಘಾತ ಅಂತ ಬರೆದಿದೀನಿ. ಎಲ್ಲರಿಗೂ ಒಳ್ಳೇದು," ಎಂದರು. "ಹಲ್ಲು ಹೇಗಿದೆ ಸಾರ್?" ಎಂದು ಕಿವುಡಣ್ಣ ಜೋರಾಗಿ ಕೇಳಿದ. ಕಿವುಡರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ ನೋಡಿ. ವಾರ್ಡಿನವರೆಲ್ಲ ತಿರುಗಿ ನೋಡಿದರು.

ತಮ್ಮ ಬದುಕಿದ್ದಾನೆಂದು ಮೂರನೆಯ ದಿನ ಮೇಲಿನ ಮಂಚದವನ ಫೋನಿನಿಂದ ತಿಳಿಯಿತು. ಕೆನ್ನೆ ಊದಿಕೊಂಡಿದೆ, ಗಂಜಿ ಕುಡಿಯುತ್ತಿದ್ದಾನೆ, ಕೆಲಸಕ್ಕೂ ಇಳಿಸಿದ್ದಾರೆ ಅಂದ. ಅವಳು ಚೀಲದ ಮೇಲೆ ಜೀವ ಇಟ್ಟುಕೊಂಡು ಕಾದಳು. ಅಲ್ಲಿನ ಇಂಜಿನಿಯರು ಒಮ್ಮೆ ಚೀಲ ಬಿಚ್ಚಿದರೆ ಸಾಕು, ಮೊದಲ ತುಂಡಿನಲ್ಲೇ ಗೊತ್ತಾಗುತ್ತದೆ. ಬಿಚ್ಚುತ್ತಾರೆ. ಬಿಚ್ಚಲೇಬೇಕು. ಇಷ್ಟು ವರ್ಷದಲ್ಲಿ ಚೀಲ ನೋಡಿ ಯಾರೂ ಒಂದು ಮಾತು ಬರೆದದ್ದಿಲ್ಲ ಎಂಬುದನ್ನು ನೆನೆಯದಿರಲು ಮನೆಯ ಪಾತ್ರೆಯೆಲ್ಲ ಒಂದೇ ಕೈಯಲ್ಲಿ ತಿಕ್ಕಿದಳು.

ಹತ್ತನೆಯ ದಿನ ಪ್ರಯೋಗಾಲಯಕ್ಕೆ ಒಂದು ಸಾಲಿನ ಪತ್ರ ಬಂತು: ದಾಖಲೆಗಳು ತಲುಪಿವೆ, ಕ್ರಮಬದ್ಧವಾಗಿವೆ. ಹಡಗೂ ತಲುಪಿತ್ತು. ಚೀಲವನ್ನು ಯಾರೂ ಬಿಚ್ಚಿರಲಿಲ್ಲ.

ಆ ರಜೆಯ ಬೆಳಗ್ಗೆ ಮಗಳ ತಲೆ ಬಾಚುತ್ತಿದ್ದಳು. ಮೂರು ಬೆರಳಿನಲ್ಲಿ ಜಡೆಯ ಎಳೆ ನಿಲ್ಲದೆ ಜಾರುತ್ತಿತ್ತು. ಫೋನು ಬಂತು, ತಮ್ಮನದೇ. ಕೆನ್ನೆಯ ಮೂಳೆ ಸರಿಯಾಗಿ ಕೂಡದೆ ಮಾತು ಒಂದು ಬದಿಯಿಂದ ಬರುತ್ತಿತ್ತು.

"ಗೆದ್ಬಿಟ್ಯಲ್ಲೇ! ಹೊಸ ಕಂಬಿ ಬಂತು. ಅದನ್ನ ವಾಪಸ್ ಕಳಿಸಿ ಬೇರೆ ತರಿಸಿದಾರೆ ಅಂತ ಮೇಸ್ತ್ರಿಯೇ ಹೇಳ್ದ. ನಾಳೆಯಿಂದ ಮೂರನೇ ಚಾವಣಿಗೆ ಕಟ್ಟೋದು. ಏಟು ತಿಂದದ್ದು ಸಾರ್ಥಕ ಆಯ್ತು ಬಿಡು."

ಅವಳು ಬಾಚಣಿಗೆ ಕೆಳಗಿಟ್ಟಳು. ಅವನ ಪಾಲಿಗೆ ಅಕ್ಕ ಗೆದ್ದವಳಾಗಿಯೇ ಉಳಿಯಲಿ ಎಂದು ಒಂದು ಗಳಿಗೆ ಆಸೆಯಾದದ್ದು ಸುಳ್ಳಲ್ಲ.

"ಬೇರೆ ಅಲ್ಲ ಕಣೋ. ಅದೇ ಕಂಬಿ."

"ಅದು ಹೇಗೆ? ನೀನು ಸಹಿ ಹಾಕ್ಲಿಲ್ವಲ್ಲ."

"ಹಾಕ್ದೆ."

ಅವಳು ತಡಮಾಡದೆ ಉಳಿದದ್ದನ್ನೂ ಹೇಳಿದಳು.

"ವರದಿ ಜೊತೆ ಚೀಲ ಕಳಿಸಿದೀನಿ. ಕೆಟ್ಟ ತುಂಡುಗಳೇ ಅದರಲ್ಲಿರೋದು. ಯಾರಾದ್ರೂ ಬಿಚ್ಚಿ ನೋಡ್ತಾರೆ ಅಂತ..."

"ನೂರಾ ಹತ್ತು ಜನರನ್ನ ಒಂದು ಚೀಲದ ಮೇಲೆ ಬಿಟ್ಟು ಕೂತಿದೀಯಾ? ಹತ್ತು ದಿನ? ಥೂ ನಿನ್ನ!" ಅವನು ಅವಳಿಗೆ ಯಾವತ್ತೂ ಆಡದ ಮಾತುಗಳನ್ನು ಆಡಿದ. "ನನ್ನ ಮುಖ ಮುರಿಸ್ಕೊಂಡಿದ್ದು ಯಾತಕ್ಕೇ? ನಿನಗೆ ಸಹಿ ಹಾಕೋದಕ್ಕೆ ಹಿನ್ನೆಲೆ ಸಂಗೀತವಾ?"

ಅವಳು ಬೈಸಿಕೊಂಡಳು. ಬೆರಳಿನ ಸುದ್ದಿ ಎತ್ತಲಿಲ್ಲ. ಎತ್ತಿದರೆ ಅದು ನೆಪವಾಗುತ್ತದೆ. ಆದರೆ ಅರ್ಧ ಬಾಚಿದ ತಲೆಯಲ್ಲಿ ಕುಳಿತಿದ್ದ ಮಗಳು ಫೋನಿನ ಕಡೆ ಬಾಯಿ ಚಾಚಿ, "ಮಾಮಾ, ಅಮ್ಮನ ಬೈಬೇಡ. ಅಮ್ಮಂಗೆ ಎರಡು ಬೆರಳು ಇಲ್ಲ. ಯಂತ್ರದಲ್ಲಿ ಇಟ್ಟು ಜಜ್ಜಿದ್ರು," ಎಂದಳು.

ಅವನು ಬೈಯುವುದನ್ನು ನಿಲ್ಲಿಸಿ ಕೇಳಿದ. "ಯಾವ ಕೈ?"

"ಎಡ."

"ಚೀಲ ಯಾವ ಬಣ್ಣ?"

ಮುಂದಿನದೆಲ್ಲ ಅವಳಿಗೆ ಬೇರೆಬೇರೆಯವರ ಬಾಯಿಂದ ತಿಳಿದದ್ದು. ಮರುದಿನ ಮಧ್ಯಾಹ್ನ ತಮ್ಮ, ಮೇಲಿನ ಮಂಚದವನು, ಇನ್ನೂ ನಾಲ್ವರು ಕೈಯಲ್ಲಿದ್ದ ಇಕ್ಕಳ ಸಮೇತ ಇಂಜಿನಿಯರನ ಕೋಣೆಗೆ ನುಗ್ಗಿದರು. ನೀಲಿ ಚೀಲ ಹುಡುಕುವ ಕಷ್ಟವೇ ಬೀಳಲಿಲ್ಲ. ಗಾಳಿಗೆ ಬಾಗಿಲು ಬಡಿಯದಿರಲೆಂದು ಅದನ್ನೇ ಒತ್ತು ಕೊಟ್ಟಿದ್ದರು. ತಮ್ಮ ಹೊಲಿಗೆ ಕತ್ತರಿಸಿ ತುಂಡುಗಳನ್ನು ಮೇಜಿನ ಮೇಲೆ, ನಕ್ಷೆಗಳ ಮೇಲೆ, ಇಂಜಿನಿಯರನ ಊಟದ ತಟ್ಟೆಯ ಮೇಲೆ ಸುರಿದ. ನರೆತ ಕೂದಲಿನ ಆ ಇಂಜಿನಿಯರು ಮೊದಲು ಕೂಗಾಡಿದ. ಆಮೇಲೆ ಒಂದು ತುಂಡು ಎತ್ತಿ ಮುಖ ನೋಡಿದ, ಇನ್ನೊಂದು ನೋಡಿದ, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಎದ್ದು ಅಂಗಳಕ್ಕೆ ಹೋಗಿ ರಾಶಿಯಿಂದ ಹೊಸ ಕಂಬಿ ಎಳೆಸಿ ಬಗ್ಗಿಸುವ ಮೇಜಿಗೆ ಕೊಡಿಸಿದ. ಅದು ಪಟ್ಟೆಂದಿತು.

ಅಷ್ಟರಲ್ಲಿ ಮೇಸ್ತ್ರಿಯ ಜನ ಪೈಪು, ಸಲಾಕೆ ಹಿಡಿದು ಬಂದರು. ಇಪ್ಪತ್ತು ಜನ. ಮೊದಲ ಏಟಿಗೆ ತಮ್ಮನ ಮಂಡಿಚಿಪ್ಪು ಒಡೆಯಿತು. ಬಿದ್ದವನ ಮೇಲೆ ಎರಡನೆಯ ಏಟು ಎತ್ತಿದವನಿಗೆ ಮೇಲಿನ ಮಂಚದವನು ತಲೆಯಿಂದಲೇ ಗುದ್ದಿ ಕೆಡವಿದ. ಕಂಬಿ ಕಟ್ಟುವವರು, ಮರಳು ಹೊರುವವರು, ಅಡುಗೆಯವನು ಸಹಿತ ಇಳಿದು ಬಂದರು. ಒಬ್ಬನ ಕಿವಿ ಹರಿಯಿತು, ಒಬ್ಬನ ಅಂಗೈಯನ್ನು ಸಲಾಕೆ ತೂರಿಕೊಂಡು ಹೋಯಿತು, ಮೇಸ್ತ್ರಿಯನ್ನು ಗಾರೆ ಕಲಸುವ ಡಬ್ಬಿಯೊಳಗೆ ತಲೆಕೆಳಗಾಗಿ ತುರುಕಿದರು. ಪೊಲೀಸರು ಬರುವಷ್ಟರಲ್ಲಿ ಮೇಲಿನ ಮಂಚದವನು ಮರಳಿನ ರಾಶಿಗೆ ಒರಗಿ ಕುಳಿತಿದ್ದ. ಸುಸ್ತಾಗಿದ್ದಾನೆ ಅಂದುಕೊಂಡರು. ಮುಟ್ಟಿದರೆ ಜೀವವಿರಲಿಲ್ಲ, ಹಿಂದಲೆ ಮೆತ್ತಗಾಗಿತ್ತು. ಹೊಡೆದದ್ದು ಅದೇ ರಾಶಿಯ ಕಂಬಿಯಿಂದ. ತಲೆಗೆ ತಾಗಿ ಕಂಬಿಯೂ ಎರಡಾಗಿತ್ತಂತೆ.

ಕೆಲಸ ನಿಂತಿತು. ಆ ಬೆಳಗ್ಗೆ ಕಟ್ಟಿದ್ದ ಕಂಬಿಯನ್ನೆಲ್ಲ ಬಿಚ್ಚಿಸಿದರು. ಸಾಹುಕಾರನನ್ನು ಇಲ್ಲಿ ಹಿಡಿದರು; ಅವನಿಗೆ ಎದೆನೋವು ಬಂದು ಮೆತ್ತನೆಯ ಹಾಸಿಗೆಯಲ್ಲಿದ್ದಾನೆ. ಗೂಳಿ ಸಿಕ್ಕಿಲ್ಲ. ವಿಚಾರಣೆಗೆ ಕೂತ ಅಧಿಕಾರಿ ಅವಳ ಮುಂದೆ ವರದಿ ಹಿಡಿದು, "ಈ ಸಹಿ ನಿಮ್ಮದಾ?" ಎಂದು ಕೇಳಿದ.

"ನನ್ನದೇ. ಚೀಲದ ತುಂಡುಗಳೂ ನಾನೇ ಕಳಿಸಿದ್ದು."

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ," ಎಂದು ಅವನು ಮೊದಲಿನದನ್ನು ಮಾತ್ರ ಬರೆದುಕೊಂಡ. ಸುಳ್ಳು ವರದಿಗಾಗಿ ಅವಳ ಕೆಲಸ ಹೋಯಿತು. ಕಿವುಡಣ್ಣನೂ ಅವತ್ತೇ ಕೈಗವಸು ಬಿಚ್ಚಿಟ್ಟು ಮನೆಗೆ ನಡೆದ.

ಎರಡು ತಿಂಗಳಿಗೆ ತಮ್ಮ ಊರುಗೋಲು ಊರಿಕೊಂಡು ಬಂದ. ಮಗಳನ್ನು ಎತ್ತಿಕೊಳ್ಳಲಾಗದೆ ಕೂದಲು ಕೆದರಿದ. ಅಕ್ಕನ ಎಡಗೈಯನ್ನು ತನ್ನ ಕೈಯಲ್ಲಿಟ್ಟುಕೊಂಡು, ಎರಡೂ ಕಡೆ ತಿರುಗಿಸಿ ನೋಡಿ, ವಾಪಸು ಇಟ್ಟ. ಊಟವಾದ ಮೇಲೆ, "ಅವನ ಮನೆಗೆ ಹೋಗ್ಬೇಕು. ನೀನೂ ಬಾ," ಎಂದ. ಯಾರ ಮನೆಗೆಂದು ಅವಳು ಕೇಳಲಿಲ್ಲ.

ಎರಡು ಬಸ್ಸು ಬದಲಾಯಿಸಿ ಹೋದರು. ಮೇಲಿನ ಮಂಚದವನ ಹೆಂಡತಿ ಬಾಗಿಲಲ್ಲೇ ನಿಂತಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ತೋಳಿನಲ್ಲಿ ಅಪ್ಪ ನೋಡದ ಮಗು, ಅತ್ತು ಅತ್ತು ಕೆಂಪಾಗಿತ್ತು. ತಮ್ಮ ನಡೆದದ್ದನ್ನೆಲ್ಲ ಹೇಳಿದ. ಹುಡುಗಿ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು.

"ಆ ಕಂಬಿಗೆ ಸಹಿ ಹಾಕಿ ಕಳಿಸಿದ್ದು ಯಾರು?"

ತಮ್ಮ ನೆಲ ನೋಡಿದ. ಅವಳು, "ನಾನು," ಎಂದಳು.

ಏಟು ಕೆನ್ನೆಗೆ ಬಿತ್ತು. ಮಗು ಎತ್ತಿಕೊಂಡ ಕೈಯಲ್ಲದ ಇನ್ನೊಂದು ಕೈಯಿಂದ, ಬಲವಾಗಿಯೇ. ಮತ್ತೊಂದು. ಮೂರನೆಯದಕ್ಕೆ ಹಲ್ಲು ತಾಗಿ ತುಟಿ ಒಡೆಯಿತು. ತಮ್ಮ ಊರುಗೋಲಿನ ಮೇಲೆ ಮುಂದಕ್ಕೆ ಬಾಗಿದವನು ಅಲ್ಲೇ ನಿಂತ. ಅವಳು ಬಲಗೈಯೆತ್ತಿ ಅವನಿಗೆ ಬೇಡವೆಂದಿದ್ದಳು. ನಾಲ್ಕನೆಯದಕ್ಕೆ ಹುಡುಗಿಯ ಕೈಯಲ್ಲಿ ಬಲವಿರಲಿಲ್ಲ.

ಒಳಗಿನಿಂದ ಸುಟ್ಟ ವಾಸನೆ ಬಂತು. ಹಾಲು ಉಕ್ಕಿ ಒಲೆಗೆ ಬಿದ್ದಿತ್ತು. ಹುಡುಗಿ ಹಿಂತಿರುಗಿ ನೋಡಿದಳು, ಮಗುವನ್ನು ನೋಡಿದಳು, ಕೆಳಗಿಡಲು ಜಾಗವಿಲ್ಲದೆ, "ಹಿಡ್ಕೋ," ಎಂದು ಅವಳ ತೋಳಿಗೆ ತುರುಕಿ ಒಳಗೆ ಓಡಿದಳು.

ಅವಳು ಮಗುವನ್ನು ಎದೆಗೆ ಒರಗಿಸಿಕೊಂಡಳು. ಎಡಗೈಯ ಮೂರು ಬೆರಳಿಗೆ ಮೊದಲು ಹಿಡಿತ ಸಿಗಲಿಲ್ಲ. ಅಂಗೈಯನ್ನೇ ಬುಡಕ್ಕೆ ಕೊಟ್ಟು, ಮುಂಗೈಗೆ ಬೆನ್ನು ತಾಗಿಸಿ, ಮೆಲ್ಲಗೆ ತೂಗಿದಳು. ಮಗುವಿನ ಅಂಗಿ ಒದ್ದೆಯಾಗಿತ್ತು. ತನ್ನ ತುಟಿಯ ರಕ್ತ ಅದರ ತಲೆಯ ಮೇಲೆ ಬೀಳದಿರಲೆಂದು ಮುಖ ಆಚೆ ತಿರುಗಿಸಿದಳು.

"ಹೋಗೋಣವಾ?" ಎಂದ ತಮ್ಮ ಮೆಲ್ಲಗೆ.

ಒಳಗೆ ಪಾತ್ರೆಯನ್ನು ನೆಲಕ್ಕೆ ಅಪ್ಪಳಿಸಿದ ಸದ್ದಾಯಿತು. ಆಮೇಲೆ ಹುಡುಗಿ ಜೋರಾಗಿ ಅಳುವುದು ಕೇಳಿಸಿತು.

"ಒಣಗಿದ ಬಟ್ಟೆ ಎಲ್ಲಿದೆ ನೋಡು," ಎಂದಳು ಅವಳು. "ಇದರ ಅಂಗಿ ಬದಲಾಯಿಸ್ಬೇಕು."